ಹೊಲಸು ಬಿಡುವವರೇ ಪಂಚರಾದರೆ ಹೊಳೆಗೆ ನ್ಯಾಯವೆಲ್ಲಿ?

ಸಾಂಗಲಿ ಮತ್ತು ಮಿರಜಗಳ ನಡುವಿನ ವಿಶ್ರಾಮಬಾಗ ನಮ್ಮ ಗಡಿನಾಡಿನ ಕನ್ನಡಿಗರಿಗೆ ಪರಸ್ಥಳವಲ್ಲ. ವಿಲಿಂಗ್ಡನ್ ಕಾಲೇಜು ಇರುವುದು ಅಲ್ಲಿಯೇ. ವಿ. ಕೃ. ಗೋಕಾಕರು, ರಂ. ಶ್ರೀ. ಮುಗಳಿಯವರು ಸೇವೆ ಸಲ್ಲಿಸಿದ ಕಾಲೇಜು ಅದು. ಅಥಣಿ, ಜತ್ತ, ಕಾಗವಾಡಗಳ ಒಕ್ಕಲಿಗರ ಮಕ್ಕಳು ಅಲ್ಲಿ ಕೋಣೆ ಹಿಡಿದು ಓದಿದ್ದಾರೆ, ಈಗಲೂ ಓದುತ್ತಿದ್ದಾರೆ. ಬೆಳಗಾದರೆ ಆ ಓಣಿಗಳಲ್ಲಿ ನಳ ಬರುತ್ತದೆ. ಸ್ನಾನವಾಗುತ್ತದೆ, ಬಟ್ಟೆ ಪಾತ್ರೆ ತೊಳೆದಾಗುತ್ತದೆ, ಸಂಡಾಸಕ್ಕೆ ನೀರು ಸುರಿದಾಗುತ್ತದೆ. ನಳದ ನೀರು ಕೃಷ್ಣೆಯಿಂದ ಬಂತೆಂಬುದು ಎಲ್ಲರಿಗೂ ಗೊತ್ತು. ಅದು ಮುಂದೆ ಎಲ್ಲಿಗೆ ಹೋಯಿತೆಂದು ಮೇಲಿನ ಊರಿನವರು ಕೇಳುವುದಿಲ್ಲ. ಕೇಳುವವನು ಕೆಳಗಿನ ಊರಿನ ರೈತ. ಅವನ ಮಾತನ್ನು ಕೇಳುವವರಿಲ್ಲ.

ಈ ವಾರದ ನಮ್ಮ ಬರಹ ಆ ರೈತನ ಪ್ರಶ್ನೆಯನ್ನು ಕುರಿತದ್ದು. ಊರಿಗೆ ನೀರು ಮಾರುವವರೂ ಹೊಳೆಗೆ ಹೊಲಸು ಬಿಡುವವರೂ ಒಬ್ಬರೇ ಆಗಿದ್ದು, ತಪ್ಪನ್ನು ವಿಚಾರಿಸುವ ಮಂಡಳದಲ್ಲಿಯೂ ಅವರ ಪೈಕಿಯವರೇ ಕುಳಿತರೆ ನ್ಯಾಯ ಹೇಗೆ ದೊರೆತೀತು? ಕಾಯಿದೆಯ ಈ ಕಟ್ಟಡವನ್ನೇ ತಿದ್ದಬೇಕಾಗಿದೆ ಎಂಬುದು ನಮ್ಮ ಅಭಿಪ್ರಾಯ.

ಹೊಲಸಿನ ದಾರಿ

ಮೊದಲು ಹೊಳೆಯ ದಾರಿಯನ್ನು ನೋಡೋಣ. ಕೃಷ್ಣೆ ಕರಾಡದಿಂದ ಇಳಿದು ಸಾಂಗಲಿಗೆ ಬರುತ್ತಾಳೆ. ಅಲ್ಲಿ ಶೇರಿ ನಾಲಾ ಅವಳನ್ನು ಕೂಡುತ್ತದೆ. ಇದು ಹೆಸರಿಗೆ ಹಳ್ಳವಾದರೂ ಊರಿನ ಗಟಾರದ ನೀರನ್ನು ಹೊತ್ತು ಬರುವ ಕಾಲುವೆ. ಹರಿಪುರದಲ್ಲಿ ವಾರಣಾ ಬಂದು ಸೇರುತ್ತದೆ. ಮಿರಜಿನ ಪಕ್ಕ ಹಾಯ್ದು ನರಸೋಬಾವಾಡಿಗೆ ಬಂದಾಗ ಕೊಲ್ಹಾಪುರ, ಇಚಲಕರಂಜಿಗಳ ಮೈಲಿಗೆಯನ್ನು ಹೊತ್ತ ಪಂಚಗಂಗೆ ಕೂಡುತ್ತಾಳೆ. ಶಿರೋಳ ತಾಲೂಕಿನ ರಾಜಾಪುರ ಬಂಧಾರ ದಾಟಿದರೆ ಮುಂದೆ ನಮ್ಮ ಜುಗೂಳ, ಯಡೂರ, ಮಾಂಜರಿ, ಅಂಕಲಿ, ಉಗಾರ, ಕುಡಚಿಗಳ ದಂಡೆ. ಸಾಂಗಲಿಯ ಕೆಳಗಿನ ಮ್ಹೈಸಾಳದಲ್ಲಿ ಇದೇ ಹೊಳೆಯ ನೀರನ್ನು ಎತ್ತಿ ಮಿರಜ, ಕವಠೇಮಹಾಂಕಾಳ, ಜತ್ತ ತಾಲೂಕುಗಳ ಬರಗಾಲದ ಭೂಮಿಗೆ ಒಯ್ಯುತ್ತಾರೆ. ಜತ್ತದ ಪೂರ್ವ ಭಾಗದ ಕನ್ನಡ ಹಳ್ಳಿಗಳು ಈ ನೀರಿಗಾಗಿ ಎಷ್ಟು ವರುಷ ಹಾದಿ ಕಾದವೆಂಬುದನ್ನು ವಾಚಕರಿಗೆ ಹೇಳಬೇಕಾಗಿಲ್ಲ. ಹಾದಿ ಕಾದ ನೀರು ಹೊಲಸಾಗಿ ಬಂದರೆ ಹೇಗೆ?

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದ 351 ಮಲಿನ ನದೀಭಾಗಗಳ ಪಟ್ಟಿಯನ್ನು ಹೊರಡಿಸಿತು. ಅದರಲ್ಲಿ ಮಹಾರಾಷ್ಟ್ರದ ಪಾಲು 53. ಕೃಷ್ಣೆ ಎರಡೂ ರಾಜ್ಯಗಳ ಯಾದಿಯಲ್ಲಿದ್ದಾಳೆ. ಕರ್ನಾಟಕದ ಪಾಲಿನಲ್ಲಿ ಅವಳ ಮಲಿನ ಭಾಗ ಸುರುವಾಗುವುದು ಗಡಿಯ ಮಗ್ಗುಲಲ್ಲಿಯೇ ಇರುವ ಯಡೂರವಾಡಿಯಿಂದ. ಮುಗಿಯುವುದು ತಿಂಥಣಿಯ ಸೇತುವೆಯ ಹತ್ತಿರ. ಹೊಳೆ ನಮ್ಮ ನಾಡಿಗೆ ಕಾಲಿಡುವಾಗಲೇ ಮೈಲಿಗೆಯಾಗಿ ಬರುತ್ತಾಳೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

2023ರ ಮಾರ್ಚಿನಲ್ಲಿ ಸಾಂಗಲಿಯ ಬಳಿ ಕೃಷ್ಣೆಯಲ್ಲಿ ಮೀನುಗಳು ರಾಶಿ ರಾಶಿಯಾಗಿ ಸತ್ತು ತೇಲಿದವು. 2012ರಲ್ಲಿ ಪಂಚಗಂಗೆಯ ದಂಡೆಯ ಇಚಲಕರಂಜಿಯಲ್ಲಿ ಕಾಮಣಿ ಹಬ್ಬಿ ಜನ ಸತ್ತರು. ಮೀನು ಸತ್ತಾಗ ನಾಲ್ಕು ದಿನ ಗದ್ದಲವಾಗುತ್ತದೆ. ಅಧಿಕಾರಿಗಳು ಬರುತ್ತಾರೆ, ಬಾಟಲಿಯಲ್ಲಿ ನೀರು ತುಂಬಿಕೊಂಡು ಹೋಗುತ್ತಾರೆ, ನೋಟೀಸು ಕೊಡುತ್ತಾರೆ. ಕಾರ್ಖಾನೆಯವರು ಪಾಲಿಕೆಯ ಕಡೆಗೂ ಪಾಲಿಕೆಯವರು ಕಾರ್ಖಾನೆಯ ಕಡೆಗೂ ಬೆರಳು ಮಾಡುತ್ತಾರೆ. ಅಷ್ಟರಲ್ಲಿ ಮೃಗಶಿರ ಮಳೆ ಬಂದು ಹೊಳೆ ಕೆಂಪಾಗಿ ತುಂಬಿ ಹರಿಯುತ್ತದೆ; ಎಲ್ಲವೂ ಕೊಚ್ಚಿಹೋಗುತ್ತದೆ, ನೆನಪು ಕೂಡ. ಮುಂದಿನ ಬೇಸಿಗೆಗೆ ಮತ್ತೆ ಮೊದಲಿನ ಪಾಡು.

ಎಷ್ಟು ಹೊಲಸು, ಎಷ್ಟು ಗೊಬ್ಬರ

ಲೆಕ್ಕವಿಲ್ಲದ ದೂರು ಕಚೇರಿಯಲ್ಲಿ ನಿಲ್ಲದು. ಆದುದರಿಂದ ನಾವೇ ಒಂದು ಅಂದಾಜು ಹಾಕಿದ್ದೇವೆ. 2011ರ ಖಾನೇಸುಮಾರಿಯಂತೆ ಸಾಂಗಲಿ, ಮಿರಜ, ಕುಪವಾಡಗಳು ಕೂಡಿದ ಮಹಾನಗರಪಾಲಿಕೆಯ ಜನಸಂಖ್ಯೆ 5,02,793. ನೆಲದೊಳಗಿನ ಗಟಾರವಿರುವ ಪಟ್ಟಣಕ್ಕೆ ತಲೆಗೆ ದಿನಕ್ಕೆ 135 ಲೀಟರು ನೀರು ಬೇಕೆಂದು ಸರಕಾರದ ತಜ್ಞರು ಹಿಡಿಯುತ್ತಾರೆ. ಕೊಟ್ಟ ನೀರಿನಲ್ಲಿ ಸುಮಾರು ನೂರಕ್ಕೆ 80 ಪಾಲು ಹೊಲಸು ನೀರಾಗಿ ಹೊರಬೀಳುತ್ತದೆಂದೂ ಹಿಡಿಯುತ್ತಾರೆ. ಈ ಲೆಕ್ಕದಿಂದ ದಿನವೊಂದಕ್ಕೆ 5 ಕೋಟಿ 43 ಲಕ್ಷ ಲೀಟರು ಹೊಲಸು ನೀರಾಯಿತು. ಒಂದು ಎಕರೆಗೆ ಮೂರು ಇಂಚು ನೀರು ಹಾಯಿಸಲು ಸುಮಾರು 3 ಲಕ್ಷ 8 ಸಾವಿರ ಲೀಟರು ಬೇಕು. ಅಂದರೆ ಒಂದು ದಿನದ ಈ ನೀರಿನಿಂದ 175 ಎಕರೆಗೆ ಒಂದು ಪಾಳಿ ನೀರಾಗುತ್ತದೆ. ಹತ್ತು ದಿನಕ್ಕೊಂದು ಪಾಳಿ ಹಿಡಿದರೆ 1,750 ಎಕರೆಯ ಬೆಳೆ ನಿಲ್ಲುತ್ತದೆ.

ಇಷ್ಟೇ ಅಲ್ಲ. ಶುದ್ಧಿಗೊಳಿಸದ ಹೊಲಸು ನೀರಿನಲ್ಲಿ ಲೀಟರಿಗೆ 40 ಮಿಲಿಗ್ರಾಂ ಸಾರಜನಕವಿದೆಯೆಂದು ಹಿಡಿಯಿರಿ. ದಿನಕ್ಕೆ ಎರಡು ಸಾವಿರ ಕಿಲೋಗಿಂತ ಹೆಚ್ಚು ಸಾರಜನಕ, ಎಂದರೆ 45 ಕಿಲೋದ ಯೂರಿಯಾ ಚೀಲಗಳ ಲೆಕ್ಕದಲ್ಲಿ ನೂರು ಚೀಲ ಮೀರಿದ ಗೊಬ್ಬರ ಹೊಳೆಯ ಪಾಲಾಗುತ್ತದೆ. ಸಂಘದ ಬಾಗಿಲಲ್ಲಿ ಯೂರಿಯಾಕ್ಕಾಗಿ ಸರತಿ ನಿಲ್ಲುವ ನಮ್ಮ ರೈತ ಈ ಲೆಕ್ಕವನ್ನು ಮನಸ್ಸಿಗೆ ತಂದುಕೊಳ್ಳಬೇಕು. ಹೊಲದಲ್ಲಿ ಬಿದ್ದರೆ ಗೊಬ್ಬರ, ಹೊಳೆಯಲ್ಲಿ ಬಿದ್ದರೆ ವಿಷ.

ಸಾಂಗಲಿಯವರಿಗೆ ಇದು ತಿಳಿಯದ ಸಂಗತಿಯೆಂದು ನಾವು ಹೇಳುವುದಿಲ್ಲ. ಶೇರಿ ನಾಲಾದ ನೀರನ್ನು ಎತ್ತಿ ತಾಸಗಾಂವ ತಾಲೂಕಿನ ಧುಳಗಾಂವಕ್ಕೆ ಒಯ್ದು, ಅಲ್ಲಿ ಶುದ್ಧಿಗೊಳಿಸಿ ಹೊಲಗಳಿಗೆ ಕೊಡುವ ಯೋಜನೆಯನ್ನು ಅವರೇ ಹಾಕಿಕೊಂಡರು. ವಿಚಾರ ಒಳ್ಳೆಯದು. ಆದರೆ ಇಂಥ ಯೋಜನೆಯ ಜೀವವಿರುವುದು ಪಂಪು ದಿನದ 24 ತಾಸು ನಡೆಯುವುದರಲ್ಲಿ. ವಿದ್ಯುತ್ತು ಹೋದರೆ, ಪಂಪು ಕೆಟ್ಟರೆ, ಬಿಲ್ಲು ಬಾಕಿಯಾದರೆ ನೀರು ಕಾಯುವುದಿಲ್ಲ; ಇಳಿಜಾರು ಇದ್ದತ್ತ ಹರಿಯುತ್ತದೆ, ಇಳಿಜಾರು ಇರುವುದು ಹೊಳೆಯ ಕಡೆಗೆ. ಕಟ್ಟುವುದಕ್ಕೆ ಅನುದಾನ ಸಿಗುತ್ತದೆ, ಕಟ್ಟಿದ್ದನ್ನು ನಡೆಸುವುದಕ್ಕೆ ಸಿಗುವುದಿಲ್ಲ. ಇದು ದೇಶದ ರೋಗ. ಕೇಂದ್ರ ಮಂಡಳಿಯ 2021ರ ವರದಿಯ ಪ್ರಕಾರ ಭಾರತದ ಪಟ್ಟಣಗಳಲ್ಲಿ ದಿನಕ್ಕೆ 72,368 ದಶಲಕ್ಷ ಲೀಟರು ಹೊಲಸು ನೀರು ಹುಟ್ಟುತ್ತಿತ್ತು. ಕಟ್ಟಿದ ಶುದ್ಧೀಕರಣ ಕೇಂದ್ರಗಳ ಶಕ್ತಿ 31,841 ದಶಲಕ್ಷ ಲೀಟರು. ನಿಜವಾಗಿ ಶುದ್ಧವಾಗುತ್ತಿದ್ದುದು 20,236 ಮಾತ್ರ. ಕಟ್ಟಿದ ಕೇಂದ್ರಗಳೂ ಮೂರರಲ್ಲಿ ಒಂದು ಪಾಲು ಶಕ್ತಿಯನ್ನು ವ್ಯರ್ಥ ಕಳೆಯುತ್ತಿದ್ದವೆಂದಾಯಿತು.

ರೈತನ ನಷ್ಟ ಯಾರ ವಹಿಯಲ್ಲಿದೆ?

ಹೊಲಸು ನೀರು ಬಂದರೆ ರೈತನಿಗೆ ಗೊಬ್ಬರ ಪುಕ್ಕಟೆ ಸಿಕ್ಕಂತಾಯಿತಲ್ಲ ಎಂದು ಕೆಲವರು ನಗೆಯಾಡುತ್ತಾರೆ. ಅವರು ಕಬ್ಬು ಬೆಳೆದವರಲ್ಲ. ಕಬ್ಬಿಗೆ ಸಾರಜನಕ ಎಳೆವೆಯಲ್ಲಿ ಬೇಕು. ಮಾಗುವ ಕಾಲದಲ್ಲಿ ಸಾರಜನಕದ ನೀರು ಕುಡಿದ ಕಬ್ಬು ಹಸಿರು ಹಸಿರಾಗಿ ಬೆಳೆಯುತ್ತಲೇ ಇರುತ್ತದೆ, ರಸದಲ್ಲಿ ಸಕ್ಕರೆ ಕೂಡುವುದಿಲ್ಲ. ತೂಕ ನೋಡಿ ಹಿಗ್ಗಿದವನು ಉತಾರ ನೋಡಿ ಕುಗ್ಗುತ್ತಾನೆ. ಹನಿ ನೀರಾವರಿಯ ನಳಿಗೆಗಳು ಲೋಳೆಯಿಂದ ಕಟ್ಟಿಕೊಳ್ಳುತ್ತವೆ. ಕಾಯಿಪಲ್ಲೆಯ ಮೇಲೆ ರೋಗಾಣುಗಳೂ ಜಂತಿನ ತತ್ತಿಗಳೂ ಕೂಡುತ್ತವೆ. ನೀರು ಹಾಯಿಸುವವರು ಕಾಲಿನ ತುರಿಕೆಯನ್ನು ಹೇಳುತ್ತಾರೆ. ಕೃಷ್ಣೆಯ ದಂಡೆಯ ಕರಿ ಭೂಮಿ ಮೊದಲೇ ಸವಳು ಜವಳಿನಿಂದ ಕೆಡುತ್ತಿದೆ. ಅದಕ್ಕೆ ಗಟಾರದ ಉಪ್ಪು ಸೇರಿದರೆ ಗಾಯದ ಮೇಲೆ ಬರೆ ಎಳೆದಂತೆ.

ಆದರೆ ಕಾಗದದಲ್ಲಿ ಈ ನಷ್ಟ ಕಾಣಿಸುವುದಿಲ್ಲ. ಕಾರಣ ಹೇಳುತ್ತೇವೆ. ನೀರಿನ ಯೋಗ್ಯತೆಯನ್ನು ಕೇಂದ್ರ ಮಂಡಳಿ ‘ಎ’ಯಿಂದ ‘ಇ’ಯವರೆಗೆ ಐದು ವರ್ಗಗಳಲ್ಲಿ ಅಳೆಯುತ್ತದೆ. ಶುದ್ಧಿಗೊಳಿಸಿ ಕುಡಿಯತಕ್ಕ ನೀರು ‘ಸಿ’ ವರ್ಗ. ಅದರಲ್ಲಿ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಪ್ರಾಣವಾಯು ಕರಗಿರಬೇಕು, ಬಿ.ಓ.ಡಿ., ಎಂದರೆ ಹೊಲಸು ಕೊಳೆಯುವಾಗ ನುಂಗುವ ಪ್ರಾಣವಾಯು, 3 ಮಿಲಿಗ್ರಾಂ ಮೀರಬಾರದು. ಮೀನು ಬದುಕುವ ‘ಡಿ’ ವರ್ಗಕ್ಕೂ 4 ಮಿಲಿಗ್ರಾಂ ಪ್ರಾಣವಾಯು ಬೇಕು. ನೀರಾವರಿಯ ‘ಇ’ ವರ್ಗವೇ ಕೊನೆಯದು. ಅದರಲ್ಲಿ ನೋಡುವುದು ಆಮ್ಲ-ಕ್ಷಾರ, ಉಪ್ಪು, ಸೋಡಿಯಂ, ಬೋರಾನುಗಳನ್ನು ಮಾತ್ರ. ಪ್ರಾಣವಾಯುವಿನ ಮಾತಿಲ್ಲ, ರೋಗಾಣುವಿನ ಮಾತಿಲ್ಲ. ಮೀನು ಸತ್ತ ನೀರೂ ಈ ಅಳತೆಯಲ್ಲಿ ರೈತನ ಹೊಲಕ್ಕೆ ಯೋಗ್ಯವೆಂದು ತೇರ್ಗಡೆಯಾಗಬಹುದು! ಆ ನೀರಿನಲ್ಲಿ ಮೊಣಕಾಲುದ್ದ ನಿಂತು ಕೆಲಸ ಮಾಡುವ ಮನುಷ್ಯನನ್ನು ಈ ಪಟ್ಟಿ ಬರೆದವರು ಮರೆತರು.

ಪಂಚರ ಚಾವಡಿಯಲ್ಲಿ ಯಾರು ಕುಳಿತಿದ್ದಾರೆ?

ನಮ್ಮ ದೇಶದಲ್ಲಿ ಕಾಯಿದೆಗೆ ಬರವಿಲ್ಲ. ಜಲ ಮಾಲಿನ್ಯ ತಡೆ ಕಾಯಿದೆ 1974ರಲ್ಲಿಯೇ ಬಂದಿದೆ. ಅದರ 4ನೆಯ ಕಲಮನ್ನು ರೈತರು ಓದಬೇಕು, ಓದಿಸಿ ಕೇಳಬೇಕು. ರಾಜ್ಯ ಮಂಡಳಿಯಲ್ಲಿ ಅಧ್ಯಕ್ಷರಲ್ಲದೆ ಸರಕಾರದ ಅಧಿಕಾರಿಗಳು ಐವರವರೆಗೆ, ಸ್ಥಳೀಯ ಸಂಸ್ಥೆಗಳ ಸದಸ್ಯರು ಐವರವರೆಗೆ, ಸರಕಾರಿ ಕಂಪನಿಗಳ ಪರವಾಗಿ ಇಬ್ಬರು. ವ್ಯವಸಾಯ, ಮೀನುಗಾರಿಕೆ, ಉದ್ದಿಮೆ, ವ್ಯಾಪಾರ ಇವೆಲ್ಲಕ್ಕೂ ಕೂಡಿ ಹೆಚ್ಚೆಂದರೆ ಮೂವರು. ಹೊಲಸು ಬಿಡುವ ಪಟ್ಟಣಗಳಿಗೆ ಐದು ಮಣೆ. ಹೊಲಸು ಉಣ್ಣುವ ಒಕ್ಕಲಿಗನಿಗೆ, ಮೀನುಗಾರನಿಗೆ, ಕಾರ್ಖಾನೆಯ ಮಾಲಿಕನಿಗೆ ಕೂಡಿ ಮೂರು ಮಣೆ. ಆ ಮೂರರಲ್ಲಿ ಒಂದಾದರೂ ರೈತನಿಗೆ ದೊರೆಯಲೇಬೇಕೆಂಬ ನಿಯಮವೂ ಇಲ್ಲ. ಗಡಿಯಾಚೆಯ ಕೆಳದಂಡೆಯವನಿಗಂತೂ ಹೊಸ್ತಿಲಲ್ಲಿ ನಿಲ್ಲಲೂ ಜಾಗವಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು ಎಂದು ಹಿರಿಯರು ಕೇಳಿದ್ದು ಸುಮ್ಮನೆಯೆ?

ದಂಡದ ಕಥೆಯೂ ಇಂಥದೇ. ಪಾಲಿಕೆಗೆ ದಂಡ ಹಾಕಿದರೆ ಅದು ಹೋಗುವುದು ಯಾರ ಜೇಬಿನಿಂದ? ವಿಶ್ರಾಮಬಾಗದ ಮನೆಪಟ್ಟಿ ತುಂಬುವ ಮಾಸ್ತರರ ಜೇಬಿನಿಂದ. ದಂಡದ ಹಣ ಹೊಳೆಯ ಕೆಳಗಿನ ಊರಿಗೆ ಬರುವುದಿಲ್ಲ. 2024ರಲ್ಲಿ ಸಂಸತ್ತು ಈ ಕಾಯಿದೆಯನ್ನು ತಿದ್ದಿ ಅನೇಕ ತಪ್ಪುಗಳಿಗಿದ್ದ ಸೆರೆವಾಸವನ್ನು ತೆಗೆದು 10 ಸಾವಿರದಿಂದ 15 ಲಕ್ಷ ರೂಪಾಯಿಯವರೆಗಿನ ದಂಡವನ್ನು ಇಟ್ಟಿತು. ಸರಕಾರಿ ಖಾತೆ ತಪ್ಪು ಮಾಡಿದರೆ ಅದರ ಮುಖ್ಯಸ್ಥನು ಒಂದು ತಿಂಗಳ ಮೂಲ ಪಗಾರ ಕೊಟ್ಟರೆ ಸಾಕು. ಈ ತಿದ್ದುಪಡಿ ಮೊದಲು ಹಿಮಾಚಲ ಪ್ರದೇಶ, ರಾಜಸ್ಥಾನ ಮತ್ತು ಕೇಂದ್ರಾಡಳಿತ ಪ್ರದೇಶಗಳಿಗೆ ಅನ್ವಯಿಸಿತು. ಉಳಿದ ರಾಜ್ಯಗಳು ವಿಧಾನಮಂಡಲದ ಠರಾವಿನಿಂದ ಒಪ್ಪಿಕೊಳ್ಳಬಹುದೆಂದು ಇಟ್ಟಿದ್ದಾರೆ. ಒಂದು ಒಳ್ಳೆಯ ಪದ್ಧತಿಯೂ ಹೋಗಿದೆ. 1977ರ ನೀರಿನ ಉಪಕರದ ಕಾಯಿದೆಯಲ್ಲಿ, ಶುದ್ಧೀಕರಣ ಯಂತ್ರ ಹಾಕಿದವನಿಗೆ ಕರದಲ್ಲಿ ನೂರಕ್ಕೆ 25 ಸೂಟು ಇತ್ತು. 2017ರಲ್ಲಿ ಜಿ.ಎಸ್.ಟಿ. ಬರುವಾಗ ಆ ಕರವನ್ನೇ ತೆಗೆದುಹಾಕಿದರು. ಒಳ್ಳೆಯದು ಮಾಡಿದವನಿಗೆ ಇದ್ದ ಆಸೆಯೂ ಹೋಯಿತು, ಕೆಟ್ಟದ್ದು ಮಾಡಿದವನಿಗೆ ಇದ್ದ ಅಂಜಿಕೆಯೂ ಸಡಿಲಾಯಿತು.

ಹಣವಿಲ್ಲ ಎಂಬ ನೆವವನ್ನು ನಾವು ಒಪ್ಪುವುದಿಲ್ಲ. ನಾವಷ್ಟೇ ಅಲ್ಲ, ಸುಪ್ರೀಂ ಕೋರ್ಟೂ ಒಪ್ಪಿಲ್ಲ. ಮಧ್ಯಪ್ರದೇಶದ ರತ್ಲಾಮ ಪುರಸಭೆ ತನ್ನ ಹತ್ತಿರ ಹಣವಿಲ್ಲವೆಂದು ಹೇಳಿದಾಗ, 1980ರಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರರು, ಗಟಾರ ನೆಟ್ಟಗೆ ಇಡುವ ಕರ್ತವ್ಯದಿಂದ ಪುರಸಭೆ ಹಣದ ನೆವ ಹೇಳಿ ಜಾರಿಕೊಳ್ಳುವಂತಿಲ್ಲವೆಂದು ತೀರ್ಪು ಕೊಟ್ಟರು. 2017ರ ಫೆಬ್ರುವರಿಯಲ್ಲಿ ಅದೇ ಕೋರ್ಟು, ಹೊಲಸು ನೀರಿನ ಶುದ್ಧೀಕರಣ ಕೇಂದ್ರಗಳನ್ನು ಸ್ಥಳೀಯ ಸಂಸ್ಥೆಗಳು ಗೊತ್ತಾದ ಮುದ್ದತಿನಲ್ಲಿ ಕಟ್ಟಲೇಬೇಕು, ಹಣ ಸಾಲದಿದ್ದರೆ ಬಳಕೆದಾರರಿಂದ ಕೂಡಿಸಬೇಕು ಎಂದಿತು. ಆ ಮುದ್ದತು ತೀರಿ ವರುಷಗಳಾದವು.

ಇಂಗ್ಲೆಂಡಿನ ಪಾಠ

ಊರಿನ ನೀರನ್ನು ಖಾಸಗಿ ಕಂಪನಿಗಳ ಕೈಗೆ ಕೊಟ್ಟರೆ ಎಲ್ಲ ಸರಿಹೋದೀತೆಂದು ಹೇಳುವವರು ಇದ್ದಾರೆ. ಅವರು ಇಂಗ್ಲೆಂಡನ್ನು ನೋಡಲಿ. ಅಲ್ಲಿ 1989ರಿಂದ ನೀರು ಮತ್ತು ಗಟಾರ ಎರಡೂ ಕಂಪನಿಗಳ ಕೈಯಲ್ಲಿವೆ. ದರ ನೋಡುವವರು ಒಬ್ಬರು, ಹೊಳೆ ನೋಡುವವರು ಇನ್ನೊಬ್ಬರು, ಕುಡಿಯುವ ನೀರು ನೋಡುವವರು ಮತ್ತೊಬ್ಬರು. ಎಲ್ಲರೂ ನೋಡುತ್ತಿರುವಾಗಲೇ 2023ರಲ್ಲಿ ಕಂಪನಿಗಳು ಒಟ್ಟು 36 ಲಕ್ಷ ತಾಸು ಹೊಲಸನ್ನು ಹೊಳೆಗೂ ಸಮುದ್ರಕ್ಕೂ ಹರಿಸಿದವು. ಸದರ್ನ್ ವಾಟರ್ ಕಂಪನಿಗೆ 2021ರಲ್ಲಿ ಕೋರ್ಟು 9 ಕೋಟಿ ಪೌಂಡು ದಂಡ ಹಾಕಿತು. ಥೇಮ್ಸ್ ವಾಟರ್ ಕಂಪನಿಗೆ 2025ರ ಮೇಯಲ್ಲಿ 12 ಕೋಟಿ 27 ಲಕ್ಷ ಪೌಂಡು ದಂಡ ಬಿತ್ತು. ಅದೇ ವರುಷ ಬಂದ ಹೊಸ ಕಾಯಿದೆ, ತಪ್ಪಿದ ಕಂಪನಿಯ ಮೇಲಧಿಕಾರಿಗಳಿಗೆ ಬೋನಸ್ಸು ನಿಲ್ಲಿಸುವ ಅಧಿಕಾರವನ್ನು ಕೊಟ್ಟಿತು. ತನಿಖೆಗೆ ಅಡ್ಡಿ ಮಾಡಿದವರಿಗೆ ಸೆರೆವಾಸವನ್ನು ಇಟ್ಟಿತು. 2025ರ ಜುಲೈಯಲ್ಲಿ ಸರ್ ಜಾನ್ ಕನ್ಲಿಫ್ ಅವರ ಆಯೋಗ, ಹಂಚಿಹೋದ ಅಧಿಕಾರವನ್ನು ಒಂದೇ ಕಡೆ ತರಬೇಕೆಂದು ಶಿಫಾರಸು ಮಾಡಿತು. ಅಲ್ಲಿಯ ಸರಕಾರ ಅದನ್ನು ಒಪ್ಪಿತು.

ನಮ್ಮಲ್ಲಿ ಪಾಲಿಕೆ, ಅವರಲ್ಲಿ ಕಂಪನಿ. ಗಟಾರಕ್ಕೆ ಈ ಭೇದ ತಿಳಿಯದು. ಕಾಯುವವನು ಗಟ್ಟಿಯಿಲ್ಲದಿದ್ದರೆ ಎರಡೂ ಒಂದೇ. ಆದರೆ ಒಂದು ಕೆಲಸವನ್ನು ಅವರು ಮಾಡಿದ್ದಾರೆ. ಮಳೆ ಹೆಚ್ಚಾದಾಗ ಹೊಲಸು ಹೊರಬೀಳುವ ಬಾಯಿಗಳಿಗೆಲ್ಲ 2023ರ ಹೊತ್ತಿಗೆ ಅಳತೆಯ ಯಂತ್ರ ಕೂಡ್ರಿಸಿ, ಯಾವ ಬಾಯಿ ಎಷ್ಟು ತಾಸು ತೆರೆದಿತ್ತೆಂಬುದನ್ನು ಲೋಕಕ್ಕೆ ತಿಳಿಸಿದರು. ಆ 36 ಲಕ್ಷ ತಾಸಿನ ಲೆಕ್ಕ ಸಿಕ್ಕಿದ್ದು ಅದರಿಂದಲೇ. ಲೆಕ್ಕ ಸಿಕ್ಕಿತು, ಜನ ಸಿಟ್ಟಾದರು, ಸರಕಾರ ಅಲುಗಾಡಿತು. ಶೇರಿ ನಾಲಾದ ಬಾಯಿ ವರುಷಕ್ಕೆ ಎಷ್ಟು ತಾಸು ತೆರೆದಿರುತ್ತದೆಂದು ಯಡೂರದ ರೈತನಿಗೆ ಯಾರಾದರೂ ಹೇಳಿದ್ದಾರೆಯೆ?

ನಾವು ಬೇಡುವುದೇನು

ಮೊದಲನೆಯದು: ಎರಡು ರಾಜ್ಯಗಳ ಕೂಡು ಮಂಡಳಿ. ಇದು ನಮ್ಮ ಕಲ್ಪನೆಯಲ್ಲ. 1974ರ ಕಾಯಿದೆಯ 13ನೆಯ ಕಲಮಿನಂತೆ ನೆರೆಹೊರೆಯ ರಾಜ್ಯ ಸರಕಾರಗಳು ಕರಾರು ಮಾಡಿಕೊಂಡು ಜಂಟಿ ಮಂಡಳಿಯನ್ನು ಸ್ಥಾಪಿಸಬಹುದು. 14ನೆಯ ಕಲಮಿನಂತೆ ಅದರ ಅಧ್ಯಕ್ಷರನ್ನು ಕೇಂದ್ರ ಸರಕಾರ ನೇಮಿಸುತ್ತದೆ. ಸ್ಥಳೀಯ ಸಂಸ್ಥೆಗಳ ಪರವಾಗಿ ರಾಜ್ಯಕ್ಕೊಬ್ಬರು, ವ್ಯವಸಾಯ ಮೊದಲಾದ ಕಸುಬುಗಳ ಪರವಾಗಿ ರಾಜ್ಯಕ್ಕೊಬ್ಬರು. ಐದಕ್ಕೆ ಮೂರೆಂಬ ಓರೆ ತಕ್ಕಡಿ ಅಲ್ಲಿ ಒಂದಕ್ಕೆ ಒಂದಾಗುತ್ತದೆ. ಕರಾಡದಿಂದ ಕುಡಚಿಯವರೆಗಿನ ಕೃಷ್ಣೆಗೂ ಪಂಚಗಂಗೆಗೂ ಇಂಥ ಒಂದು ಮಂಡಳಿಯಾಗಲಿ. ಕೃಷ್ಣೆಯ ನೀರಿಗಾಗಿ ರಾಜ್ಯಗಳು ಎರಡು ನ್ಯಾಯಮಂಡಳಿಗಳ ಮುಂದೆ ವರುಷಗಟ್ಟಲೆ ವಾದ ಮಾಡಿದವು. ಬಚಾವತರ ತೀರ್ಪು ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಕ್ಕೆ 800 ಟಿ.ಎಂ.ಸಿ. ಎಂದು ಹಂಚಿತು. ನೀರಿನ ಪಾಲಿಗಾಗಿ ವಕೀಲರನ್ನು ನೇಮಿಸಿದ ಸರಕಾರಗಳು ನೀರಿನ ಗುಣಕ್ಕಾಗಿ ಒಂದು ಮೇಜಿನ ಮುಂದೆ ಕೂಡ್ರಲಾರವೆ?

ಎರಡನೆಯದು: ರಾಜ್ಯ ಮಂಡಳಿಗಳ ತಕ್ಕಡಿಯನ್ನೂ ಸರಿಮಾಡಬೇಕು. ವ್ಯವಸಾಯದ ಮಣೆಯನ್ನು ಉದ್ದಿಮೆಯ ಮಣೆಯಿಂದ ಬೇರೆ ಮಾಡಿ ಹೊಳೆದಂಡೆಯ ರೈತನಿಗೂ ಮೀನುಗಾರನಿಗೂ ಒಂದೊಂದು ಖಾಯಂ ಸ್ಥಾನ ಕೊಡಬೇಕು. ಯಾವ ಪಟ್ಟಣದ ತಪ್ಪು ವಿಚಾರಣೆಗೆ ಬಂದಿದೆಯೋ ಆ ಪಟ್ಟಣದ ಸದಸ್ಯನು ಆ ದಿನ ಸಭೆಯಿಂದ ಎದ್ದುಹೋಗಬೇಕು. ನಮ್ಮ ಹಳ್ಳಿಯ ನ್ಯಾಯದಲ್ಲಿಯೂ ವಾದಿಯ ಬೀಗನನ್ನು ಪಂಚನನ್ನಾಗಿ ಕೂಡ್ರಿಸುವುದಿಲ್ಲ.

ಮೂರನೆಯದು: ಹೊಳೆಗೆ ಕೂಡುವ ಪ್ರತಿಯೊಂದು ನಾಲೆಯ ಬಾಯಿಗೆ ಅಳತೆಯ ಯಂತ್ರ. ಸಕ್ಕರೆ, ಮದ್ಯಸಾರ ಮೊದಲಾದ 17 ವರ್ಗಗಳ ಕಾರ್ಖಾನೆಗಳಿಗೆ ಹಗಲಿರುಳು ಅಳೆಯುವ ಯಂತ್ರ ಬೇಕೆಂದು ಕೇಂದ್ರ ಮಂಡಳಿ 2014ರಲ್ಲಿ ಹುಕುಮು ಮಾಡಿತು. ಕಾರ್ಖಾನೆಗೆ ಒಂದು ನ್ಯಾಯ, ಪಟ್ಟಣದ ನಾಲೆಗೆ ಒಂದು ನ್ಯಾಯ ಬೇಡ. ಅಳತೆಯ ಅಂಕಿಗಳನ್ನು ಕೆಳದಂಡೆಯ ಪಂಚಾಯತಿಗಳ ಹಲಗೆಯ ಮೇಲೆ ಮರಾಠಿ ಮತ್ತು ಕನ್ನಡ ಎರಡರಲ್ಲಿಯೂ ಬರೆಯಬೇಕು. ಪಂಪು ನಿಂತು ಹೊಲಸು ಹೊಳೆಗೆ ಬಿದ್ದ ತಾಸಿನಲ್ಲಿಯೇ ಕೆಳಗಿನ ಊರುಗಳಿಗೆ ಸುದ್ದಿ ಮುಟ್ಟಬೇಕು. ಮಹಾಪೂರದ ಮುನ್ಸೂಚನೆ ಬರುತ್ತದೆ, ಹೊಲಸಿನ ಮುನ್ಸೂಚನೆ ಯಾಕೆ ಬಾರದು?

ನಾಲ್ಕನೆಯದು: ಹಣದ ಗಂಟನ್ನು ಬೇರೆ ಕಟ್ಟಬೇಕು. ಮಹಾರಾಷ್ಟ್ರದಲ್ಲಿ 2005ರ ಕಾಯಿದೆಯಿಂದ ಹುಟ್ಟಿದ ಜಲಸಂಪತ್ತು ನಿಯಂತ್ರಣ ಪ್ರಾಧಿಕಾರವಿದೆ. ಪಟ್ಟಣಗಳಿಗೂ ಕಾರ್ಖಾನೆಗಳಿಗೂ ಹೊಳೆಯಿಂದ ಕೊಡುವ ಸಗಟು ನೀರಿನ ದರದ ಪದ್ಧತಿಯನ್ನು ಗೊತ್ತುಮಾಡುವುದು ಅದೇ. ಮಲಿನ ಮಾಡಿದವನೇ ತೆರಬೇಕೆಂಬ ತತ್ವವೂ ಆ ಕಾಯಿದೆಯಲ್ಲಿಯೇ ಇದೆ. ಆ ತತ್ವ ಪುಸ್ತಕದಿಂದ ಬಿಲ್ಲಿಗೆ ಇಳಿಯಬೇಕು. ಹೆಚ್ಚಿನ ನೀರು ಬೇಡುವ ಪಟ್ಟಣ, ಮೊದಲು ಪಡೆದ ನೀರನ್ನು ಹೊಳೆಗೆ ಹೇಗೆ ಮರಳಿಸಿತೆಂಬ ಲೆಕ್ಕ ತೋರಿಸಬೇಕು. ತೋರಿಸದಿದ್ದರೆ ಹೊಸ ನೀರಿಲ್ಲ. ಶುದ್ಧೀಕರಣದ ವಿದ್ಯುತ್ತಿಗೂ ರಿಪೇರಿಗೂ ಬೇಕಾದ ಹಣ ಬೇರೆ ಖಾತೆಯಲ್ಲಿರಬೇಕು, ರಸ್ತೆ ದೀಪಕ್ಕೆ ತಿರುಗಬಾರದು. ದಂಡದ ಹಣದಿಂದ ಕೆಳದಂಡೆಯ ಊರುಗಳಿಗೆ ಶುದ್ಧ ಕುಡಿಯುವ ನೀರಾಗಬೇಕು.

ಐದನೆಯದು: ಶುದ್ಧಿಯಾದ ನೀರಿನ ಮೇಲೆ ರೈತನಿಗೆ ಹಕ್ಕು. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಹೊಲಸು ನೀರನ್ನು ಶುದ್ಧಿಗೊಳಿಸಿ 2018ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಬಿಡುತ್ತಿದ್ದಾರೆ. ಬತ್ತಿದ ಕೆರೆ ತುಂಬಿದ ಸಂತೋಷವೂ ಅಲ್ಲಿದೆ, ಶುದ್ಧಿ ಸಾಲದೆಂಬ ತಕರಾರೂ ಅಲ್ಲಿದೆ. ಎರಡನ್ನೂ ನಾವು ಕಲಿಯಬೇಕು. ಧುಳಗಾಂವದ ರೈತನಾಗಲಿ ಕಾಗವಾಡದ ರೈತನಾಗಲಿ, ಅವನಿಗೆ ಕೊಡುವ ನೀರಿಗೆ ಬರೆದುಕೊಟ್ಟ ಗುಣದ ಕರಾರು ಇರಬೇಕು. ಕರಾರು ತಪ್ಪಿದರೆ ನಷ್ಟ ತುಂಬಿಕೊಡಬೇಕು. ಬೀಜ ಕೊಳ್ಳುವಾಗ ಚೀಟಿ ಕೇಳುವ ರೈತ ನೀರಿಗೂ ಚೀಟಿ ಕೇಳಲಿ.

ನಮ್ಮ ಅಂಗಳವನ್ನೂ ನೋಡಿಕೊಳ್ಳೋಣ

ಇದನ್ನು ಮರಾಠಿ-ಕನ್ನಡದ ಜಗಳವೆಂದು ಯಾರೂ ತಿಳಿಯಬಾರದು. ಹೊಲಸಿಗೆ ಭಾಷೆಯಿಲ್ಲ. ಶೇರಿ ನಾಲಾದ ಹೊಲಸನ್ನು ಮೊದಲು ಉಣ್ಣುವವರು ಹರಿಪುರ, ಶಿರೋಳಗಳ ಮರಾಠಿ ರೈತರೇ. ಅದರ ವಿರುದ್ಧ ಮೊದಲು ಕೂಗಿದವರೂ ಅವರೇ. ನಮ್ಮ ಬೆಳಗಾವಿಯ ಬಳ್ಳಾರಿ ನಾಲಾ ಮಾಡುತ್ತಿರುವುದೇನು? ಪಟ್ಟಣದ ಗಟಾರವನ್ನು ಹೊತ್ತು ವಡಗಾಂವಿಯ ಸುತ್ತಿನ ಬಾಸುಮತಿ ಹೊಲಗಳ ಮೇಲೆ ಚೆಲ್ಲುತ್ತದೆ. ಕೃಷ್ಣೆಯ ದಂಡೆಯ ನಮ್ಮ ಊರುಗಳ ಗಟಾರಗಳೂ ಗಂಗಾಜಲವನ್ನು ಬಿಡುತ್ತಿಲ್ಲ. ನಮ್ಮ ಕೆಳಗಿನ ಜಮಖಂಡಿ, ಬಾಗಲಕೋಟೆಗಳ ರೈತನಿಗೆ ನಾವೇ ಸಾಂಗಲಿಯವರು. ಆದುದರಿಂದ ಬೇಡುವ ಕಾಯಿದೆ ಇಬ್ಬರಿಗೂ ಒಂದೇ ಆಗಿರಲಿ.

ಕಾಯಿದೆ ತಿದ್ದುವವರೆಗೆ ಕೈಕಟ್ಟಿ ಕೂಡ್ರುವುದೂ ಬೇಡ. ಬೇಸಿಗೆಯಲ್ಲಿ ಹೊಳೆಯ ನೀರು ನಾತ ಹೊಡೆದಾಗ ಹಸಿಯಾಗಿ ತಿನ್ನುವ ಸೊಪ್ಪು, ಗಜ್ಜರಿ, ಮೂಲಂಗಿಗಳಿಗೆ ಅದನ್ನು ಹಾಯಿಸಬೇಡಿರಿ. ಬೆಳೆಯ ಮೇಲೆ ತುಂತುರಾಗಿ ಹೊಡೆಯದೆ ಸಾಲಿನಲ್ಲಿ ಬಿಡಿರಿ. ಸಾಧ್ಯವಿದ್ದರೆ ಹೊಂಡದಲ್ಲಿ ನಿಲ್ಲಿಸಿ, ಕೆಸರು ಕೂತ ಮೇಲೆ ಎತ್ತಿರಿ. ವರುಷಕ್ಕೆರಡು ಸಲ ನೀರಿನ ಮತ್ತು ಮಣ್ಣಿನ ಉಪ್ಪನ್ನು ಪರೀಕ್ಷೆ ಮಾಡಿಸಿರಿ. ಸಾರಜನಕದ ನೀರು ಹಾಯುತ್ತಿದ್ದರೆ ಯೂರಿಯಾದ ಪ್ರಮಾಣವನ್ನು ಇಳಿಸಿರಿ. ನೀರು ಹಾಯಿಸುವ ಆಳುಗಳಿಗೆ ರಬ್ಬರಿನ ಬೂಟು ಕೊಡಿಸಿರಿ, ಬುತ್ತಿ ಬಿಚ್ಚುವ ಮೊದಲು ಸಾಬೂನಿನಿಂದ ಕೈ ತೊಳೆಯಲು ಹೇಳಿರಿ.

ಇನ್ನೊಂದು ಮುಖ್ಯ ಸಂಗತಿ. ಅದೇ 1974ರ ಕಾಯಿದೆಯ 49ನೆಯ ಕಲಮಿನಂತೆ ಯಾವ ನಾಗರಿಕನಾದರೂ 60 ದಿನಗಳ ನೋಟೀಸು ಕೊಟ್ಟು ತಾನೇ ಕೋರ್ಟಿಗೆ ಫಿರ್ಯಾದಿ ಒಯ್ಯಬಹುದು. ಫಿರ್ಯಾದಿ ಹೂಡಿದ ಮೇಲೆ ಅವನು ಕೇಳಿದರೆ ಮಂಡಳಿ ತನ್ನ ಹತ್ತಿರವಿರುವ ವರದಿಗಳನ್ನು ಅವನಿಗೆ ಕೊಡಬೇಕಾಗುತ್ತದೆ. ನಾವು ಸೀಸೆಯಲ್ಲಿ ತುಂಬಿ ಒಯ್ದ ನೀರಿನ ಮಾತು ಬೇರೆ, ಮಂಡಳಿಯ ಅಧಿಕಾರಿ ಕ್ರಮದಂತೆ ಎರಡು ಪಾಲು ಮಾಡಿ ಮೊಹರು ಹಾಕಿ ಒಯ್ದ ನೀರಿನ ತೂಕ ಬೇರೆ. ಆದುದರಿಂದ ಮೀನು ಸತ್ತ ದಿನವೇ, ನೀರು ಕಪ್ಪಾದ ದಿನವೇ, ಅಧಿಕಾರಿಯನ್ನು ಕರೆಸಿ ಮಾದರಿ ತೆಗೆಸಿರಿ. ತಾರೀಖು, ತಾಸು, ಸ್ಥಳವನ್ನು ವಹಿಯಲ್ಲಿ ಬರೆದಿಡಿರಿ. ಬರೆದಿಟ್ಟ ದಿನಚರಿ ಮಾತಿಗಿಂತ ಗಟ್ಟಿ.

ಕಾಗವಾಡ, ಚಿಕ್ಕೋಡಿ, ರಾಯಬಾಗ, ಅಥಣಿ, ಮಿರಜ, ಜತ್ತ, ಶಿರೋಳಗಳ ಪಂಚಾಯತಿಗಳು ಬರುವ ಗ್ರಾಮಸಭೆಯಲ್ಲಿ ಒಂದೇ ಒಂದು ಠರಾವು ಪಾಸು ಮಾಡಲಿ: 13ನೆಯ ಕಲಮಿನಂತೆ ಕೃಷ್ಣೆಗೆ ಕೂಡು ಮಂಡಳಿ ಆಗಬೇಕು, ಅದರಲ್ಲಿ ಕೆಳದಂಡೆಯ ರೈತನಿಗೆ ಮಣೆ ಇರಬೇಕು. ಠರಾವು ಮುಂಬಯಿಗೂ ಬೆಂಗಳೂರಿಗೂ ದಿಲ್ಲಿಗೂ ಹೋಗಲಿ. ಒಂದು ಊರಿನ ಕಾಗದ ಕಚೇರಿಯ ಕಪಾಟಿನಲ್ಲಿ ಮಲಗೀತು. ನೂರು ಊರಿನ ಕಾಗದಕ್ಕೆ ಕಪಾಟು ಸಾಲದು.

ವಿಶ್ರಾಮಬಾಗದ ನಮ್ಮ ಬಂಧುಗಳಿಗೂ ಒಂದು ಮಾತು. ನಾಳೆ ಬೆಳಿಗ್ಗೆ ನಳ ತಿರುವಿದಾಗ ಆ ನೀರು ಬಚ್ಚಲ ದಾಟಿ ಯಾರ ಹೊಲಕ್ಕೆ ಹೋಗುತ್ತದೆಂದು ಒಂದು ಗಳಿಗೆ ವಿಚಾರ ಮಾಡಿರಿ. ಮತ ಕೇಳಲು ಬಂದವರನ್ನು, ನಳದ ನೀರು ಎಷ್ಟು ಹೊತ್ತು ಬರುತ್ತದೆಂದಷ್ಟೇ ಕೇಳಬೇಡಿರಿ. ಗಟಾರದ ನೀರು ಎಲ್ಲಿಗೆ ಹೋಗುತ್ತದೆಂದೂ ಕೇಳಿರಿ. ಅದು ಹೋಗುವ ಕಡೆಯಲ್ಲಿ ನಿಮ್ಮ ಅಕ್ಕತಂಗಿಯರ ಊರುಗಳಿವೆ.